ಚಂದ್ರವಳ್ಳಿಯ ರೋಮನ್ ನಾಣ್ಯ ಮತ್ತು ಕಾಲನಿರ್ಣಯದ ಪ್ರಶ್ನೆ

ಕುಮಾರಸ್ವಾಮಿ ಲೇಔಟಿನಿಂದ ರಜೆಯ ದಿನ ಚಿತ್ರದುರ್ಗಕ್ಕೆ ಹೊರಡುವ ಕುಟುಂಬಗಳು ವರ್ತುಲ ರಸ್ತೆ ಹಿಡಿದು, ಯಶವಂತಪುರದ ಅಂಚಿನಲ್ಲಿ ಹಾದು ತುಮಕೂರು ರಸ್ತೆಯನ್ನು ಸೇರುತ್ತವೆ. ಏಳು ಸುತ್ತಿನ ಕೋಟೆಯನ್ನೂ ಓಬವ್ವನ ಕಿಂಡಿಯನ್ನೂ ನೋಡಿದ ಮೇಲೆ ಚಂದ್ರವಳ್ಳಿಯ ಕೆರೆಯ ಬಳಿಗೆ ಬರುವುದು ವಾಡಿಕೆ. ಮಕ್ಕಳು ಅಂಕಲಿ ಮಠದ ಕತ್ತಲೆಯ ಗುಹೆಗಳಿಗೆ ಇಳಿಯುತ್ತಾರೆ. ಹಿರಿಯರು ಬಂಡೆಯ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಇಲ್ಲಿ ರೋಮನ್ ಅವಶೇಷಗಳು ದೊರೆತಿವೆ ಎಂದು ಯಾರಾದರೂ ಹೇಳಿದರೆ, ಪಠ್ಯಪುಸ್ತಕದಲ್ಲಿ ಕೊಲೋಸಿಯಂ ಚಿತ್ರವನ್ನು ಕಂಡಿರುವ ಮಗು ‘ಎಲ್ಲಿ?’ ಎಂದು ಕೇಳುತ್ತದೆ. ತೋರಿಸಲು ಕಂಬವಿಲ್ಲ, ಕಮಾನಿಲ್ಲ. ಆದರೂ ಕರ್ನಾಟಕದ ಪ್ರಾಚೀನ ಚರಿತ್ರೆಯ ಕಾಲನಿರ್ಣಯವು ಬಹುಕಾಲ ಈ ಕಾಣದ ಅವಶೇಷಗಳನ್ನೇ ಆಧರಿಸಿ ನಿಂತಿತ್ತು.

ಆ ಕುಟುಂಬವು ಬೆಳಿಗ್ಗೆಯೇ ಅಂಥ ಒಂದು ನೆಲೆಯನ್ನು ದಾಟಿ ಬಂದಿರುತ್ತದೆ. 1891ರಲ್ಲಿ ಯಶವಂತಪುರದ ಬಳಿ 163 ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. 1965ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಪರಿಸರದಲ್ಲಿ ಇನ್ನೂ 256 ದೊರೆತವು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದವರ ಮುದ್ರೆ ಇವುಗಳ ಮೇಲಿದೆ. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ಮೊದಲನೆಯ ಶತಮಾನದ ಪ್ಲಿನಿ ದೂರಿದ್ದು ಇಂಥ ನಾಣ್ಯಗಳ ಹರಿವನ್ನು ಕುರಿತೇ. ಆದರೆ ಹೂತಿಟ್ಟ ನಿಧಿಯು ನಾಣ್ಯದ ಮಾತನ್ನು ಹೇಳುತ್ತದೆಯೇ ಹೊರತು ಊರಿನ ಮಾತನ್ನು ಹೇಳುವುದಿಲ್ಲ. ಊರಿನ ಕಾಲವನ್ನು ಅರಿಯಲು ನಾಣ್ಯವು ಜನವಸತಿಯ ಮಣ್ಣಿನ ಪದರದಲ್ಲಿ, ಆ ಕಾಲದ ಮಡಕೆ ಇಟ್ಟಿಗೆಗಳ ಜೊತೆಯಲ್ಲಿ ಸಿಗಬೇಕು.

ಚಂದ್ರವಳ್ಳಿಯ ಮಹತ್ವವಿರುವುದು ಇಲ್ಲಿ. ಆರ್. ನರಸಿಂಹಾಚಾರ್ಯರು, ಆ ಬಳಿಕ ಎಂ.ಎಚ್. ಕೃಷ್ಣ ಅವರು ಇಲ್ಲಿ ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿಯೂ ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಉತ್ಖನನ ಮಾಡಿದರು. ಶಾತವಾಹನ ಕಾಲದ ಸೀಸದ ನಾಣ್ಯಗಳು, ರೋಮಿನ ಬೆಳ್ಳಿ ದಿನಾರಗಳು, ಒಳತಳದಲ್ಲಿ ಹಲ್ಲುಚಕ್ರ ಉರುಳಿಸಿದಂಥ ಗೀರುಗಳ ವಲಯವುಳ್ಳ ‘ರೂಲೆಟೆಡ್’ ಪಾತ್ರೆಯ ಚೂರುಗಳು ಈ ಕಣಿವೆಯಲ್ಲಿ ದೊರೆತವು. ಅದಕ್ಕೆ ಎರಡು ವರ್ಷ ಮೊದಲು ವ್ಹೀಲರ್ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಂಥದೇ ಪಾತ್ರೆಗಳನ್ನು ಇಟಲಿಯ ಮಡಕೆಗಳೊಂದಿಗೆ ಕಂಡಿದ್ದರು. ಇಟಲಿಯ ಮಡಕೆಯ ಕಾಲ ತಿಳಿದಿತ್ತು. ಅದರಿಂದ ರೂಲೆಟೆಡ್ ಪಾತ್ರೆಯ ಕಾಲ, ಅದರಿಂದ ಚಂದ್ರವಳ್ಳಿಯ ಪದರದ ಕಾಲ, ಕೊನೆಗೆ ಬ್ರಹ್ಮಗಿರಿಯ ಬೃಹತ್ ಶಿಲಾಸಮಾಧಿಗಳ ಕಾಲವೂ ನಿಶ್ಚಿತವಾಯಿತು. ಬರಹವಿಲ್ಲದ ನಮ್ಮ ಪೂರ್ವಜರಿಗೆ ಕಾಲಮಾನ ದೊರೆತದ್ದು ಹೀಗೆ, ರೋಮಿನ ಅಳತೆಗೋಲಿನಿಂದ.

ಆ ಅಳತೆಗೋಲನ್ನೂ ಮುಂದೆ ಅಳೆಯಬೇಕಾಯಿತು. ರೂಲೆಟೆಡ್ ಪಾತ್ರೆಗಳು ಭಾರತದಲ್ಲೇ ತಯಾರಾದವು, ರೋಮನ್ ವ್ಯಾಪಾರ ಬಲಿಯುವ ಮೊದಲೇ ಬಳಕೆಯಲ್ಲಿದ್ದವು ಎಂದು ವಿಮಲಾ ಬೆಗ್ಲಿ ಮೊದಲಾದವರು ವಾದಿಸಿದರು. ವ್ಹೀಲರ್ ಕ್ರಿ.ಪೂ. 200ರ ಸುಮಾರಿಗೆ ಆರಂಭಿಸಿದ್ದ ಶಿಲಾಸಮಾಧಿಗಳ ಯುಗವನ್ನು, ಹಳ್ಳೂರಿನ ಉತ್ಖನನದ ರೇಡಿಯೋ ಕಾರ್ಬನ್ ಕಾಲಮಾನವು ಅನೇಕ ಶತಮಾನಗಳಷ್ಟು ಹಿಂದಕ್ಕೆ ಒಯ್ದಿತು. ಟೈಬೀರಿಯಸನ ನಾಣ್ಯವು ತಾನಿರುವ ಪದರ ಆ ದೊರೆಗಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಹೇಳಬಲ್ಲದು. ಎಷ್ಟು ಕೈ ಬದಲಾಯಿಸಿ, ಎಷ್ಟು ಕಾಲ ಚಲಾವಣೆಯಲ್ಲಿದ್ದು ಅದು ನೆಲ ಸೇರಿತು ಎಂಬುದನ್ನು ಹೇಳಲಾರದು.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಈ ವಿವೇಕ ಅಗತ್ಯ. ರೋಮಿನ ‘ದೆನಾರಿಯಸ್’ ನಮ್ಮ ಭಾಷೆಗಳಲ್ಲಿ ‘ದೀನಾರ’ವಾಗಿ ನೆಲೆನಿಂತಿತು, ಗುಪ್ತರ ಶಾಸನಗಳಲ್ಲಿ ಅದು ಬರುತ್ತದೆ. ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ತ್ರಿಶಲಾದೇವಿಯ ಸ್ವಪ್ನದ ಶ್ರೀದೇವಿ ದೀನಾರಗಳ ಮಾಲೆಯನ್ನು ಧರಿಸಿದ್ದಾಳೆ. ಈ ಪದದ ಪಶ್ಚಿಮ ಮೂಲವನ್ನು ಗುರುತಿಸಿದ ಹರ್ಮನ್ ಜಾಕೋಬಿ, ಆ ವರ್ಣನೆ ಈಚಿನದಿರಬೇಕೆಂದು ಊಹಿಸಿದರು. ಊಹೆ ಸಮಂಜಸವೇ. ಆದರೆ ಪದವೂ ನಾಣ್ಯದಂತೆ ಮೇಲಿನ ಗಡುವನ್ನಷ್ಟೇ ಸೂಚಿಸುತ್ತದೆ. ಒಂದು ಪದದಿಂದ ಒಂದು ಭಾಗದ ಕಾಲವನ್ನು ಶಂಕಿಸಬಹುದು, ಇಡೀ ಕೃತಿಯ ಕಾಲವನ್ನು ತೀರ್ಮಾನಿಸಲಾಗದು.

ಚಂದ್ರವಳ್ಳಿಯಲ್ಲಿ ಮಗುವಿಗೆ ತೋರಿಸಲು ಏನೂ ಇಲ್ಲವೆಂದಲ್ಲ. ಕೆರೆಯ ಬಳಿ, ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆರೆಯನ್ನು ಕುರಿತದ್ದು, ನಾಲ್ಕನೆಯ ಶತಮಾನದ್ದು. ಅದನ್ನು ಕೆತ್ತುವ ಹೊತ್ತಿಗೆ ಟೈಬೀರಿಯಸ್ ತೀರಿಕೊಂಡು ಸುಮಾರು ಮುನ್ನೂರು ವರ್ಷಗಳಾಗಿದ್ದವು. ರೋಮ್ ಎಲ್ಲಿದೆಯೆಂದು ಕೇಳುವ ಮಗುವನ್ನು ಮೊದಲು ಆ ಬಂಡೆಯ ಮುಂದೆ ನಿಲ್ಲಿಸಿ, ಆಮೇಲೆ ಅದು ನಿಂತಿರುವ ಕಣಿವೆಯ ಮಣ್ಣನ್ನು ತೋರಿಸಬಹುದು.