ಸತ್ತರೆ ಎಷ್ಟು, ಬದುಕಿಸಲು ಎಷ್ಟು: ನಾಯಿಯ ವಿಮೆಯ ಚರಿತ್ರೆ

2020ರ ಆಗಸ್ಟ್ ತಿಂಗಳಲ್ಲಿ ಪುಣೆ ದೇಶದಲ್ಲೇ ಅತಿ ಹೆಚ್ಚು ಕೋವಿಡ್ ಬಾಧಿತ ನಗರಗಳಲ್ಲಿ ಒಂದಾಗಿತ್ತು. ಮನುಷ್ಯರೇ ಆಸ್ಪತ್ರೆಯ ಹಾಸಿಗೆಗಾಗಿ ಪರದಾಡುತ್ತಿದ್ದ ಆ ದಿನಗಳಲ್ಲಿ, ಯೆರವಡಾದಲ್ಲಿ ಪ್ರಧಾನ ಕಚೇರಿ ಇದ್ದ ಬಜಾಜ್ ಅಲಿಯಾನ್ಸ್ ಜನರಲ್ ಇನ್ಶೂರೆನ್ಸ್ ಕಂಪನಿ ಸಾಕುನಾಯಿಗಳಿಗೊಂದು ಆರೋಗ್ಯ ವಿಮೆಯನ್ನು ಪ್ರಕಟಿಸಿತು. ಆಗ ಪ್ರೀಮಿಯಂ ಜಿಎಸ್‌ಟಿ ಬಿಟ್ಟು 315 ರೂಪಾಯಿಯಿಂದ ಶುರುವಾಗುತ್ತಿತ್ತು. ಮೂರು ತಿಂಗಳು ತುಂಬಿದ ಮರಿಯನ್ನು ಸೇರಿಸಬಹುದು. ಶುದ್ಧ ತಳಿಯೇ ಆಗಬೇಕೆಂದಿಲ್ಲ. ಮಿಶ್ರ ತಳಿಯದೂ ಆಗುತ್ತದೆ, ದೇಸಿ ನಾಯಿಯೂ ಆಗುತ್ತದೆ. ಚರ್ಮದಡಿಯಲ್ಲಿ ಗುರುತಿನ ಚಿಪ್ ಹಾಕಿಸಿದ್ದರೆ ಪ್ರೀಮಿಯಂನಲ್ಲಿ ಶೇ. 5 ರಿಯಾಯಿತಿ.

ಪಾಲಿಸಿಯನ್ನು ಬಿಡಿಸಿ ನೋಡಿದರೆ ಹಲವು ಭಾಗಗಳು ಕಾಣುತ್ತಿದ್ದವು. ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ವಾಸದ ಖರ್ಚು, ಹೊರರೋಗಿ ಚಿಕಿತ್ಸೆ, ಮಾರಕ ಕಾಯಿಲೆ, ದೀರ್ಘಕಾಲದ ಆರೈಕೆ, ಸಾವು, ಕಳವು ಅಥವಾ ತಪ್ಪಿಸಿಕೊಂಡು ಹೋಗುವುದು, ನಾಯಿಯಿಂದ ಬೇರೆಯವರಿಗೆ ಹಾನಿಯಾದರೆ ಬರುವ ಹೊಣೆ. ನಾಯಿ ಸಾಕಿದವರು ಇಂದು ಪಾಲಿಸಿ ಆರಿಸಲು ಕುಳಿತಾಗ ಇಂಥದೇ ಪಟ್ಟಿ ಎದುರಾಗುತ್ತದೆ. ಎಲ್ಲವೂ ಒಂದೇ ಕಾಗದದಲ್ಲಿ, ಒಂದೇ ಅಳತೆಯ ಅಕ್ಷರಗಳಲ್ಲಿ ಇರುವುದರಿಂದ ಎಲ್ಲವೂ ಒಂದೇ ಬಗೆಯವು ಎನಿಸಿಬಿಡುತ್ತದೆ. ಆದರೆ ಅವು ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಕೆಲವು ‘ಈ ಪ್ರಾಣಿ ಸತ್ತರೆ ಯಜಮಾನನಿಗೆ ಎಷ್ಟು ನಷ್ಟ?’ ಎಂಬ ಹಳೆಯ ಪ್ರಶ್ನೆಯಿಂದ ಬಂದವು. ಕೆಲವು ‘ಇದನ್ನು ಬದುಕಿಸಿಕೊಳ್ಳಲು ಎಷ್ಟು ಬೇಕು?’ ಎಂಬ ತೀರಾ ಇತ್ತೀಚಿನ ಪ್ರಶ್ನೆಯಿಂದ ಬಂದವು. ಈ ಎರಡು ಪ್ರಶ್ನೆಗಳ ನಡುವಿನ ದಾರಿಯೇ ನಾಯಿಯ ವಿಮೆಯ ಚರಿತ್ರೆ.

ಬೆಲೆಗೆ ಮೊದಲು ಋಣ

ನಾಯಿಗೆ ಬೆಲೆ ಕಟ್ಟುವ ಮೊದಲು ಈ ನಾಡಿನಲ್ಲಿ ನಾಯಿಯ ಋಣ ತೀರಿಸುವ ಪದ್ಧತಿ ಇತ್ತು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಅದಕ್ಕೆ ಸಾಕ್ಷಿ. ಕಾಲ ಸುಮಾರು ಕ್ರಿ.ಶ. 950. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಚೋಳರನ್ನು ಸೋಲಿಸಿದಾಗ, ಗಂಗರ ಬೂತುಗನ ಕಡೆಯ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದರು. ಮಣಲೇರ ಊರನ್ನು ಕೇಳಲಿಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆ ತಪ್ಪದಂತೆ ನಡೆಯಲು ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂಬ ಶಾಪವೂ ಶಾಸನದಲ್ಲಿದೆ.

ಪುಣೆಯ ಹತ್ತಿರದಲ್ಲೂ ಇಂಥದೊಂದು ನೆನಪಿದೆ. ಪೇಶ್ವೆಗಳು ಪುಣೆಯಿಂದ ಆಡಳಿತ ನಡೆಸುತ್ತಿದ್ದಾಗ ಅವರ ಒಡೆಯ ಛತ್ರಪತಿ ಶಾಹು ಇದ್ದದ್ದು ಸಾತಾರಾದಲ್ಲಿ. ಹುಲಿ ಬೇಟೆಯಲ್ಲಿ ತನ್ನ ಜೀವ ಉಳಿಸಿದ ನಾಯಿಗೆ ಶಾಹು ಜಹಗೀರನ್ನೂ ಪಲ್ಲಕ್ಕಿಯನ್ನೂ ಕೊಟ್ಟನೆಂಬ ಸಂಗತಿಯನ್ನು ಮರಾಠರ ಚರಿತ್ರೆ ಬರೆದ ಗ್ರಾಂಟ್ ಡಫ್ ದಾಖಲಿಸಿದ್ದಾನೆ. ಸಾತಾರಾ ಬಳಿಯ ಸಂಗಮ ಮಾಹುಲಿಯಲ್ಲಿ ಕೃಷ್ಣಾ ತೀರದಲ್ಲಿ ಆ ನಾಯಿಯದೆಂದು ಹೇಳುವ ಸ್ಮಾರಕ ಈಗಲೂ ಇದೆ.

ಕಾಳಿಗಾಗಲಿ ಶಾಹುವಿನ ನಾಯಿಗಾಗಲಿ ಯಾರೂ ಪೇಟೆಯ ಬೆಲೆ ಕೇಳಲಿಲ್ಲ. ಕೊಟ್ಟದ್ದು ಅವು ಮಾಡಿದ ಕೆಲಸಕ್ಕೆ. ಆದರೆ ಆ ಗೌರವ ಅರಸರ ಕೃಪೆ. ಊರ ನಾಯಿಗಳಿಗೆ ಅದು ದಕ್ಕುವಂಥದ್ದಾಗಿರಲಿಲ್ಲ.

ಹತ್ತು ರೂಪಾಯಿಯ ಪ್ರಾಣಿ

1860ರ ಭಾರತೀಯ ದಂಡಸಂಹಿತೆ ಈ ವಿಷಯವನ್ನು ರೂಪಾಯಿಗೆ ತಂದಿತು. ಅದರ 428ನೇ ಕಲಮು ಹತ್ತು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಅಂಗಹೀನ ಮಾಡುವುದು ಅಪರಾಧ ಎಂದಿತು. ಮುಂದಿನ ಕಲಮಿನಲ್ಲಿ ಆನೆ, ಒಂಟೆ, ಕುದುರೆ, ಎತ್ತು, ಹಸುಗಳಂಥವುಗಳಿಗೆ ಬೆಲೆ ಎಷ್ಟೇ ಇರಲಿ ಹೆಚ್ಚಿನ ಶಿಕ್ಷೆ. ಉಳಿದ ಪ್ರಾಣಿಗಳಾದರೆ ಐವತ್ತು ರೂಪಾಯಿ ಬೆಲೆ ಬಾಳಬೇಕು. ಈ ಹೆಸರುಗಳ ಸಾಲಿನಲ್ಲಿ ನಾಯಿ ಇರಲಿಲ್ಲ. ಅಂದರೆ ನಾಯಿಗೆ ಆದ ಹಿಂಸೆಯನ್ನು ಕಾನೂನು ಮೊದಲು ನೋಡಿದ್ದು ಯಜಮಾನನ ಆಸ್ತಿಗೆ ಆದ ನಷ್ಟವಾಗಿ.

ಆಸ್ತಿಯಾದ ಮೇಲೆ ಬೆಲೆ ಗೊತ್ತಾಗಬೇಕು. 1873ರಲ್ಲಿ ಲಂಡನ್‌ನಲ್ಲಿ ಕೆನಲ್ ಕ್ಲಬ್ ಹುಟ್ಟಿ, ನಾಯಿಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಗಟ್ಟಿಯಾಯಿತು. ಅಪ್ಪ ಅಮ್ಮ ಯಾರೆಂಬ ಕಾಗದ ಇದ್ದ ನಾಯಿಗೆ ಬೆಲೆ ಬಂತು, ಇಲ್ಲದ್ದಕ್ಕೆ ಇಲ್ಲ. ಬಾಗಲಕೋಟೆಯ ಮುಧೋಳ ಬೇಟೆನಾಯಿಯನ್ನೇ ನೋಡಬಹುದು. ಗಡಿಯ ಆಚೆ ಮಹಾರಾಷ್ಟ್ರದಲ್ಲಿ ‘ಕಾರವಾನ್’ ಎನಿಸಿಕೊಳ್ಳುವ ಈ ತಳಿಯ ಜೋಡಿಯನ್ನು ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಐದನೆಯ ಜಾರ್ಜ್‌ಗೆ ಉಡುಗೊರೆ ಕೊಟ್ಟಿದ್ದರು. 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂತು. ಆದರೂ ಹಳ್ಳಿಯ ಹಟ್ಟಿಯಿಂದ ತಂದ ಮುಧೋಳ ಮರಿಗೆ ಕಾಗದ ಇಲ್ಲದಿದ್ದರೆ, ಬೆಲೆ ನೋಡಿ ವಿಮೆ ಮಾಡುವವರ ಕಣ್ಣಿಗೆ ಅದು ಬರೀ ನಾಯಿ.

ಪುಣೆಯ ಪ್ರಯೋಗಾಲಯ

ವಿಮೆ ನಡೆಯಲು ಬೆಲೆಯೊಂದೇ ಸಾಲದು. ಯಾವ ರೋಗ ಎಂದು ಹೇಳಲು ಬರಬೇಕು, ಅದನ್ನು ತಡೆಯುವ ದಾರಿ ಇರಬೇಕು. ಒಂದೇ ವಾರದಲ್ಲಿ ಊರಿನ ದನವೆಲ್ಲ ಸಾಯುವ ಕಡೆ ಯಾವ ಕಂಪನಿಯೂ ವಿಮೆ ಕೊಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ದೊಡ್ಡರೋಗ ಮಾಡುತ್ತಿದ್ದದ್ದು ಅದನ್ನೇ. ಈ ಸ್ಥಿತಿ ಬದಲಾಗುವ ಮೊದಲ ಹೆಜ್ಜೆಯೊಂದು ಪುಣೆಯಲ್ಲೇ ಬಿತ್ತು. 1889ರ ಡಿಸೆಂಬರ್‌ನಲ್ಲಿ ಇಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಸ್ಥಾಪನೆಯಾಯಿತು. ಅದರ ಮುಖ್ಯಸ್ಥ ಆಲ್‌ಫ್ರೆಡ್ ಲಿಂಗಾರ್ಡ್. ಜನವಸತಿಯ ನಡುವೆ ಅಪಾಯಕಾರಿ ರೋಗಾಣುಗಳೊಡನೆ ಕೆಲಸ ಮಾಡುವುದು ಸರಿಯಲ್ಲವೆಂದು 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಬೇರು ಅದೇ. ಲಸಿಕೆ, ಸೀರಮ್, ರೋಗನಿರ್ಣಯದ ಈ ಪರಂಪರೆ ಇಲ್ಲದೆ ಹಸುವಿನ ವಿಮೆ ಇಲ್ಲ, ಹಸುವಿನ ವಿಮೆ ಇಲ್ಲದೆ ಭಾರತದಲ್ಲಿ ನಾಯಿಯ ವಿಮೆ ಇಲ್ಲ.

ಯುರೋಪಿನಲ್ಲಿಯೂ ಕ್ರಮ ಅದೇ: ಮೊದಲು ದುಡಿಯುವ ಪ್ರಾಣಿ, ಆಮೇಲೆ ನಾಯಿ. ಸ್ವೀಡನ್‌ನಲ್ಲಿ 1890ರ ಸುಮಾರಿಗೆ ಕ್ಲಾಸ್ ವಿರ್ಗಿನ್ ಕುದುರೆ ಮತ್ತು ಜಾನುವಾರುಗಳ ವಿಮೆ ಆರಂಭಿಸಿದ. ನಾಯಿಗೆ ಮೊದಲ ಪಾಲಿಸಿ ಸಿಕ್ಕಿದ್ದು 1924ರಲ್ಲಿ.

ಕಿವಿಯೋಲೆಯ ಕಾಲ

1973ರ ಜನವರಿ 1ರಂದು ಭಾರತದ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕಾಗಿ ಒಂದುಗೂಡಿದವು. ಮುಂದಿನ ವರ್ಷಗಳಲ್ಲಿ ಬ್ಯಾಂಕ್ ಸಾಲದಲ್ಲಿ ಹಸು, ಎಮ್ಮೆ ಕೊಳ್ಳುವ ಸರ್ಕಾರಿ ಯೋಜನೆಗಳ ಜೊತೆಗೆ ಜಾನುವಾರು ವಿಮೆ ಹಳ್ಳಿಗಳಿಗೆ ಇಳಿಯಿತು. ಹಸು ಸತ್ತರೆ ಸಾಲ ತೀರುವುದು ಹೇಗೆ ಎಂಬುದು ಅಲ್ಲಿನ ಚಿಂತೆ. ಪಶುವೈದ್ಯರು ಬಂದು ವಯಸ್ಸು, ಬಣ್ಣ, ಕೊಂಬು, ಹಾಲಿನ ಲೆಕ್ಕ ಬರೆದುಕೊಂಡು ಬೆಲೆ ಪ್ರಮಾಣಪತ್ರ ಕೊಡುವರು. ಕಿವಿಗೆ ಓಲೆ ಹೊಡೆಯುವರು. ಸತ್ತಾಗ ಆ ಓಲೆಯನ್ನು ತಂದು ತೋರಿಸಬೇಕು. ಓಲೆ ಇಲ್ಲದಿದ್ದರೆ ಪರಿಹಾರ ಇಲ್ಲ. ಓಲೆ ಕಳಚಿ ಬಿದ್ದದ್ದನ್ನು ಗಮನಿಸದೆ ಹಣ ಕಳೆದುಕೊಂಡ ಮನೆಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ಸರ್ಕಾರಿ ಕಂಪನಿಗಳ ಸಾಕುನಾಯಿ ಪಾಲಿಸಿ ಇದೇ ಅಚ್ಚಿನಿಂದ ತೆಗೆದದ್ದು. ಸಾಮಾನ್ಯವಾಗಿ 8 ವಾರದಿಂದ 8 ವರ್ಷದವರೆಗಿನ ನಾಯಿ, ಪಶುವೈದ್ಯರ ಪ್ರಮಾಣಪತ್ರ, ಗುರುತಿಗೆ ಫೋಟೊ, ಅಪಘಾತ ಅಥವಾ ರೋಗದಿಂದ ಸತ್ತರೆ ಪೇಟೆಯ ಬೆಲೆಯಷ್ಟು ಪರಿಹಾರ. ಹಸುವಿಗೆ ಈ ಲೆಕ್ಕ ಒಪ್ಪುತ್ತಿತ್ತು. ಹಸು ಹೋದರೆ ಪರಿಹಾರದಲ್ಲಿ ಇನ್ನೊಂದು ಹಸು ತಂದು ಹಾಲು ಕರೆಯಬಹುದು. ನಾಯಿಯ ವಿಷಯದಲ್ಲಿ ಅದು ಎಡವಿತು. ನಾಯಿ ಸತ್ತ ಮೇಲೆ ಬರುವ ಹಣದಲ್ಲಿ ಇನ್ನೊಂದು ನಾಯಿ ತರುವುದು ಸಾಕಿದವರಿಗೆ ಬೇಕಾದ ಪರಿಹಾರವಲ್ಲ. ಅವರಿಗೆ ಹಣ ಬೇಕಾದದ್ದು ಸಾಯುವ ಮೊದಲು. ಬೀದಿಯಿಂದ ಎತ್ತಿ ತಂದ ನಾಯಿಗಂತೂ ಪೇಟೆಯ ಬೆಲೆ ಸೊನ್ನೆ. ಸೊನ್ನೆಗೆ ವಿಮೆ ಮಾಡಿಸಿದರೆ ಬರುವುದೂ ಸೊನ್ನೆ.

ಪ್ರಶ್ನೆ ಬದಲಾದದ್ದು

ಪ್ರಶ್ನೆಯನ್ನು ಬದಲಾಯಿಸಿದವರಲ್ಲಿ ಪಶುವೈದ್ಯರ ಪಾಲು ದೊಡ್ಡದು. ಚಿಕಿತ್ಸೆ ಗೊತ್ತಿದ್ದೂ, ಖರ್ಚು ಭರಿಸಲಾಗದ ಯಜಮಾನನ ಕೋರಿಕೆಯ ಮೇಲೆ ಪ್ರಾಣಿಗೆ ಕೊನೆಯ ಚುಚ್ಚುಮದ್ದು ಕೊಡಬೇಕಾಗುವುದು ಅವರ ವೃತ್ತಿಯ ಕಹಿ ಅನುಭವ. ಅಮೆರಿಕದಲ್ಲಿ ಜ್ಯಾಕ್ ಸ್ಟೀಫನ್ಸ್ ಎಂಬ ಪಶುವೈದ್ಯರು ನೂರಾರು ಸಹೋದ್ಯೋಗಿಗಳನ್ನು ಸೇರಿಸಿಕೊಂಡು 1980ರಲ್ಲಿ ವಿಮಾ ಕಂಪನಿ ಕಟ್ಟಿದರು. 1982ರಲ್ಲಿ ಅವರು ಕೊಟ್ಟ ಮೊದಲ ಪಾಲಿಸಿ ಟಿವಿಯ ಪ್ರಸಿದ್ಧ ನಾಯಿ ಲ್ಯಾಸಿಗೆ. 1978ರಲ್ಲಿ ಪಾರ್ವೊ ವೈರಸ್ ಕಾಣಿಸಿಕೊಂಡು ಮರಿಗಳನ್ನು ದಿನಗಳಲ್ಲೇ ಕೊಲ್ಲತೊಡಗಿದ ಕಾಲವದು. ಡ್ರಿಪ್ ಹಾಕಿ ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರೆ ಬದುಕುವ ಸಾಧ್ಯತೆ ಇದ್ದ ರೋಗ ಅದು. ಬದುಕಿಸುವ ಸಾಧ್ಯತೆ ಹೆಚ್ಚಿದಂತೆ ಬಿಲ್ಲೂ ಹೆಚ್ಚಿತು.

ಭಾರತದಲ್ಲಿ ವಿಮಾ ಕ್ಷೇತ್ರ ಖಾಸಗಿಯವರಿಗೆ ತೆರೆದದ್ದು 2000ದಲ್ಲಿ. ಪುಣೆಯ ಬಜಾಜ್ ಮತ್ತು ಜರ್ಮನಿಯ ಅಲಿಯಾನ್ಸ್ ಸೇರಿ ಮಾಡಿದ ಕಂಪನಿಗೆ ಪರವಾನಗಿ ಸಿಕ್ಕಿದ್ದು 2001ರಲ್ಲಿ. ಅಲ್ಲಿಂದ ಸುಮಾರು ಎರಡು ದಶಕದ ನಂತರ ಬಂದ 2020ರ ಪಾಲಿಸಿಯ ಹೊಸತನ ಇದ್ದದ್ದು ಚಿಕಿತ್ಸೆಯ ಖರ್ಚಿನ ಭಾಗದಲ್ಲಿ. ಬೀದಿಯಿಂದ ಬಂದ ನಾಯಿಯ ಮುರಿದ ಕಾಲಿಗೂ ಲ್ಯಾಬ್ರಡಾರ್‌ನ ಮುರಿದ ಕಾಲಿಗೂ ಶಸ್ತ್ರಚಿಕಿತ್ಸೆಯ ಬಿಲ್ಲು ಒಂದೇ. ಖರ್ಚನ್ನು ಅಳತೆಗೋಲು ಮಾಡಿಕೊಂಡ ಕೂಡಲೇ ಬೆಲೆಯಿಲ್ಲದ ನಾಯಿಗೂ ವಿಮೆಯೊಳಗೆ ಜಾಗ ಸಿಕ್ಕಿತು. ದಂಡಸಂಹಿತೆಯೂ ಇದೇ ಹಾದಿಗೆ ಬಂತು: 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಹತ್ತು, ಐವತ್ತು ರೂಪಾಯಿಗಳ ಮಾತಿಲ್ಲ.

ಹಳೆಯ ಪದರ, ಹೊಸ ಪದರ

ಆದರೆ ಹಳೆಯದು ಪೂರ್ತಿ ಹೋಗಿಲ್ಲ. ಪಾಲಿಸಿ ಆರಿಸುವವರಿಗೆ ಈ ಚರಿತ್ರೆಯ ಉಪಯೋಗ ಇರುವುದು ಇಲ್ಲೇ.

ಸಾವಿನ ಪರಿಹಾರ ಮತ್ತು ಕಳವಿನ ಪರಿಹಾರ ಹಸುವಿನ ಪದರ. ಸಾವಿರಾರು ರೂಪಾಯಿ ಕೊಟ್ಟು, ಕಾಗದಪತ್ರದೊಡನೆ ಮರಿ ಕೊಂಡವರಿಗೆ ಅದರಿಂದ ಪ್ರಯೋಜನ. ದೇಸಿ ನಾಯಿ ಸಾಕಿದವರಿಗೆ ಆ ಭಾಗಕ್ಕೆ ಕಟ್ಟುವ ಹಣದಲ್ಲಿ ಶಸ್ತ್ರಚಿಕಿತ್ಸೆಯ ವಿಮಾ ಮೊತ್ತವನ್ನು ಹೆಚ್ಚಿಸಿಕೊಳ್ಳುವುದೇ ಲೇಸು. ಮೂರನೆಯವರ ಹೊಣೆಯ ಭಾಗ ಬೇರೆಯದೇ ಮೂಲದ್ದು. ಅದು ರಕ್ಷಿಸುವುದು ನಾಯಿಯನ್ನಲ್ಲ, ಸಾಕಿದವರ ಜೇಬನ್ನು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ದಿನಕ್ಕೆ ನಾಲ್ಕು ಸಲ ನಾಯಿಯೊಡನೆ ಇಳಿಯುವವರು ಅದನ್ನು ಹಗುರವಾಗಿ ಕಾಣುವಂತಿಲ್ಲ.

ಕಿವಿಯೋಲೆಯ ಜಾಗಕ್ಕೆ ಚಿಪ್ ಬಂದಿದೆ, ಫೋಟೊ ಬಂದಿದೆ. ವಿಮೆಯಾದ ನಾಯಿ ಇದೇ ಎಂದು ತೋರಿಸುವ ಹೊಣೆ ಮಾತ್ರ ಈಗಲೂ ಸಾಕಿದವರದೇ. ಲಸಿಕೆಯ ಪುಸ್ತಕದ ಮಾತೂ ಹಾಗೆಯೇ. ರೇಬೀಸ್, ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್‌ನಂಥ ಲಸಿಕೆ ಇರುವ ರೋಗಗಳಿಗೆ, ಲಸಿಕೆ ತಪ್ಪಿಸಿದ್ದರೆ ಹಣ ಸಿಗುವುದಿಲ್ಲ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆ, ಕಾಯುವ ಅವಧಿಯೊಳಗೆ ಬಂದ ಕಾಯಿಲೆ ಕೂಡ ಹೊರಗೇ.

ಎಲ್ಲಕ್ಕಿಂತ ನೋವಿನ ಹಳೆಯ ಪದರ ವಯಸ್ಸಿನದು. ಮನುಷ್ಯರ ಆರೋಗ್ಯ ವಿಮೆಯಲ್ಲಿ ವಯಸ್ಸಾಯಿತೆಂದು ನವೀಕರಣ ನಿರಾಕರಿಸುವಂತಿಲ್ಲ. ನಾಯಿಯ ಪಾಲಿಸಿಗೆ ಆ ರಕ್ಷಣೆ ಇಲ್ಲ. ಅದರಲ್ಲಿ ಸೇರುವ ವಯಸ್ಸಿಗೂ ಮಿತಿ, ಹೊರಬೀಳುವ ವಯಸ್ಸಿಗೂ ಮಿತಿ. ಗ್ರೇಟ್ ಡೇನ್‌ನಂಥ ದೈತ್ಯ ತಳಿಗಳಿಗೆ ಬಾಗಿಲು ಇನ್ನೂ ಬೇಗ ಮುಚ್ಚುತ್ತದೆ. ಹಾಲು ಬತ್ತಿದ ಹಸುವಿಗೆ ವಿಮೆ ನಿಲ್ಲಿಸಿದ ಲೆಕ್ಕವೇ ಇದು. ಕೀಲುನೋವು, ಮೂತ್ರಪಿಂಡದ ತೊಂದರೆ, ಗೆಡ್ಡೆಗಳು ಬರುವುದು ಸರಿಯಾಗಿ ಆ ವಯಸ್ಸಿನಲ್ಲಿ. ಹೀಗಾಗಿ ಪಾಲಿಸಿಯನ್ನು ತೆರೆದಾಗ ಪ್ರೀಮಿಯಂ ಎಷ್ಟು ಎಂಬುದಕ್ಕಿಂತ ಮೊದಲು ಓದಬೇಕಾದ ಸಾಲು, ಅದು ಯಾವ ವಯಸ್ಸಿಗೆ ಮುಗಿಯುತ್ತದೆ ಎಂಬುದು. ಮುಗಿದ ನಂತರದ ವರ್ಷಗಳಿಗೆ ಸಣ್ಣ ಮೊತ್ತವೊಂದನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡುತ್ತ ಬರುವುದು ವಿಮೆಯ ಉಳಿದರ್ಧ ಕೆಲಸ.

ಆತಕೂರಿನ ಶಾಸನ ಬರೆಸಿದವರು ನಾಯಿ ಸತ್ತ ಮೇಲೂ ವ್ಯವಸ್ಥೆ ನಿಲ್ಲಬಾರದೆಂದು ಭೂಮಿ ಬಿಟ್ಟಿದ್ದರು. ಸಾವಿರ ವರ್ಷದ ನಂತರದ ಪಾಲಿಸಿ ನಾಯಿಗೆ ಹಲ್ಲು ಸವೆಯುವ ವೇಳೆಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ, ಹನ್ನೆರಡು ವರ್ಷದ ನಾಯಿಯನ್ನು ಎತ್ತಿಕೊಂಡು ರಾತ್ರಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವವರ ಬಳಿ ಇರುವುದು ಲಸಿಕೆಯ ಪುಸ್ತಕ ಮತ್ತು ಅವರು ಬೇರೆಯಾಗಿ ಎತ್ತಿಟ್ಟಿದ್ದ ಹಣ.