ಬಾವಿಕೊಂಡ, ತೊಟ್ಲಕೊಂಡ ಮತ್ತು ಮಕ್ಕಳ ಒಂದು ಪ್ರಶ್ನೆ

ಋಷಿಕೊಂಡದ ಕಡಲತೀರಕ್ಕೆ ನಮ್ಮವರು ಹೋಗಿ ಬರುವುದು ವಾಡಿಕೆ. ಅದೇ ಭೀಮಿಲಿ ರಸ್ತೆಯ ಆಸುಪಾಸಿನಲ್ಲಿ ಬಾವಿಕೊಂಡ, ತೊಟ್ಲಕೊಂಡ ಎಂಬ ಎರಡು ಬೆಟ್ಟಗಳಿವೆ. ಬಾವಿ, ತೊಟ್ಟಿ ಎಂಬ ಮಾತುಗಳಿಗೆ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ಬಂಡೆಯಲ್ಲಿ ತೋಡಿದ ಬಾವಿ ತೊಟ್ಟಿಗಳಲ್ಲಿ ಮಳೆನೀರು ಹಿಡಿದಿಟ್ಟು, ಸುಮಾರು 2000 ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳು ಇಲ್ಲಿ ವಾಸವಾಗಿದ್ದರು. 1970ರ ದಶಕದಲ್ಲಿ ನೌಕಾದಳದವರು ವಿಮಾನದಿಂದ ಮೋಜಣಿ ನಡೆಸಿದಾಗ ತೊಟ್ಲಕೊಂಡದ ಅವಶೇಷಗಳು ಕಣ್ಣಿಗೆ ಬಿದ್ದವು. 1988ರಿಂದ 1993ರವರೆಗೆ ರಾಜ್ಯದ ಪುರಾತತ್ವ ಇಲಾಖೆಯು ಉತ್ಖನನ ನಡೆಸಿದಾಗ ಸ್ತೂಪ, ವಿಹಾರಗಳ ಜೊತೆಗೆ ಶಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ದೊರೆತವು.

ಈ ಬೆಟ್ಟಗಳನ್ನೂ ನಗರದ ವಸ್ತುಸಂಗ್ರಹಾಲಯಗಳನ್ನೂ ನೋಡಿ ಬಂದ ನಮ್ಮ ಶಾಲಾ ಮಕ್ಕಳಿಗೆ, ಅನಿಸಿದ್ದನ್ನು ಬರೆಯಿರೆಂದು ಹೇಳಿದೆವು. ಹೆಚ್ಚಿನವರು 2002ರಲ್ಲಿ ಪ್ರದರ್ಶನಕ್ಕೆ ತೆರೆದ ಕುರುಸುರಾ ಜಲಾಂತರ್ಗಾಮಿಯನ್ನೇ ಕೊಂಡಾಡಿದ್ದಾರೆ, ಅದು ವಯೋಧರ್ಮ. ಒಬ್ಬ ಹುಡುಗ, “ನಾಣ್ಯ ಸಿಕ್ಕಿದ ಜಾಗ ಬರೆದಿಡದಿದ್ದರೆ ಅದು ಬರೀ ಬಿಲ್ಲೆ” ಎಂದಿದ್ದಾನೆ. ಒಬ್ಬ ಹುಡುಗಿ, “ಈ ಕಡೆ ನಮ್ಮದು ಅಂತ ಏನಾದರೂ ಇದೆಯಾ?” ಎಂದು ಕೇಳಿದ್ದಾಳೆ.

ಇದೆ. ಆದಿಕವಿ ಪಂಪನ ಹಿರಿಯರು ವೆಂಗಿಮಂಡಲದವರು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಬರುವಾಗ ಏಲೂರು ಸಿಗುತ್ತದಷ್ಟೆ; ಅದರ ಸಮೀಪದ ಪೆದವೇಗಿಯೇ ಹಳೆಯ ವೆಂಗಿ. ತನ್ನ ವಂಶದ ವಿಷಯವನ್ನು ಪಂಪನು ಕಾವ್ಯದಲ್ಲಿಯೇ ಹೇಳಿಕೊಂಡಿದ್ದಾನೆ. ಓಲೆಗರಿಗಳನ್ನು ತಲೆಮಾರುಗಳ ಕಾಲ ಪ್ರತಿಮಾಡಿ ಕಾಪಾಡಿದವರಿಂದ ಅದು ಉಳಿಯಿತು. ಅವನ ತಮ್ಮ ಜಿನವಲ್ಲಭನು ಈಗಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ 10ನೆಯ ಶತಮಾನದಲ್ಲಿ ಶಾಸನ ಕೆತ್ತಿಸಿದ. ಅದರಲ್ಲಿ ಕನ್ನಡ, ತೆಲುಗು, ಸಂಸ್ಕೃತ ಮೂರೂ ಇವೆ. ಕಾವ್ಯದ ಮಾತಿಗೆ ಕಲ್ಲು ಸಾಕ್ಷಿ ನುಡಿಯಿತು. ಗ್ರಂಥಭಂಡಾರವೂ ದಾಖಲೆಯೂ ಒಂದಕ್ಕೊಂದು ಹೇಗೆ ಆಸರೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ನಮ್ಮದು, ಅವರದು ಎಂದು ಬೇರ್ಪಡಿಸಲಾಗದಂತೆ ಎರಡೂ ಒಂದೇ ಬಂಡೆಯ ಮೇಲಿವೆ.

ಕಡತಗಳ ನಡುವೆ ಆಯುಷ್ಯ ಕಳೆಯುವ ನಮ್ಮಂಥ ಗುಮಾಸ್ತರಿಗೆ ಆ ಹುಡುಗನ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಸಂಖ್ಯೆ, ತಾರೀಖು ಇಲ್ಲದ ಕಾಗದ ರದ್ದಿಗೆ ಸಮಾನ. ಆದರೆ ಮನೆಯಲ್ಲಿ ನಾವು ಮಾಡುವುದೇನು? ವರ್ಗವಾದಾಗಲೆಲ್ಲ ಹಳೆಯ ಕಾಗದಪತ್ರಗಳ ಗಂಟನ್ನು ರದ್ದಿಯವನಿಗೆ ಹಾಕಿ ಹೊರೆ ಇಳಿಯಿತೆನ್ನುತ್ತೇವೆ. ಊರು ಬಿಟ್ಟು ಬಂದ ಮನೆತನಗಳಿಗೆ ಆ ಗಂಟೇ ಶಾಸನ, ಅದೇ ಭಂಡಾರ. ಅದು ಹೋದರೆ ನಮ್ಮ ಮೊಮ್ಮಕ್ಕಳ ಪಾಲಿಗೆ ಊರೆಂಬುದು ಬರೀ ಹೆಸರು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಅಜ್ಜನ ಕಾಗದ, ಮದುವೆಯ ಕರೆಯೋಲೆ, ಹಳೆಯ ಫೋಟೋಗಳಿದ್ದರೆ ಯಾರು, ಯಾವ ಊರು, ಯಾವ ಇಸವಿ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡಕ್ಕಿಂತ ತೆಲುಗು ಅಕ್ಷರವೇ ಸಲೀಸು. ಅದಕ್ಕೆ ಸಂಕೋಚವೇಕೆ? ಎರಡರಲ್ಲಿಯೂ ಬರೆಯಿರಿ, ಜಿನವಲ್ಲಭನು ಮೂರರಲ್ಲಿ ಬರೆಸಿದ್ದ.