ಖೆಡ್ಡಾದಿಂದ ಸಫಾರಿಗೆ

ಮಕ್ಕಳ ಪರೀಕ್ಷೆ ಮುಗಿಯುತ್ತಲೇ ದೆಹಲಿಯಲ್ಲಿರುವ ನಮ್ಮಂಥ ಸರಕಾರಿ ನೌಕರರ ಮನೆಗಳಲ್ಲಿ ಎಲ್.ಟಿ.ಸಿ.ಯ ಲೆಕ್ಕಾಚಾರ ಆರಂಭವಾಗುತ್ತದೆ. ಈಚೆಗೆ ಮಕ್ಕಳು ಕ್ಷೇತ್ರಯಾತ್ರೆಗಿಂತ ಕಾಡನ್ನೇ ಕೇಳುತ್ತಾರೆ. ಆದರೆ ಯಾವ ಕಾಡು? ಹುಲಿ ಎಲ್ಲಿ ಕಂಡೀತು ಎಂಬ ಒಂದೇ ಪ್ರಶ್ನೆಯನ್ನಿಟ್ಟುಕೊಂಡು ಹೊರಟವರಿಗೆ ನಿರಾಶೆಯೇ ಹೆಚ್ಚು. ಹುಲಿ ನಮ್ಮ ರಜೆಯ ದಿನಗಳನ್ನು ನೋಡಿಕೊಂಡು ಬರುವುದಿಲ್ಲ. ಕಾಡಿನ ಇತಿಹಾಸವನ್ನು ಅರಿತು ಸ್ಥಳವನ್ನು ಆರಿಸಿದರೆ, ಹುಲಿ ಕಾಣದಿದ್ದರೂ ಪ್ರವಾಸ ಸಾರ್ಥಕವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ದೆಹಲಿಗೆ ಹತ್ತಿರದ್ದು ಕಾರ್ಬೆಟ್. 1936ರಲ್ಲಿ ಹೇಲಿ ರಾಷ್ಟ್ರೀಯ ಉದ್ಯಾನವೆಂಬ ಹೆಸರಿನಿಂದ ಆರಂಭವಾದ ಇದು ಭಾರತದ ಮೊದಲನೆಯ ರಾಷ್ಟ್ರೀಯ ಉದ್ಯಾನ. 1973ರ ಏಪ್ರಿಲ್ 1ರಂದು ಹುಲಿ ಯೋಜನೆಗೆ ಚಾಲನೆ ದೊರೆತದ್ದೂ ಇಲ್ಲಿಯೇ. ನಮ್ಮ ಬಂಡೀಪುರವೂ ಆ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಮೈಸೂರು ಅರಸರ ಬೇಟೆಯ ನೆಲವಾಗಿದ್ದ ಅದು 1941ರಲ್ಲಿ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವಾಯಿತು. ಎರಡೂ ನೋಡತಕ್ಕವೇ. ಆದರೆ ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ನಾವು ಸೂಚಿಸುವುದು ಹೆಗ್ಗಡದೇವನಕೋಟೆಯ ಕಡೆಯ ಕಾಕನಕೋಟೆಯನ್ನು. ಮಾಸ್ತಿಯವರ ನಾಟಕದಿಂದ ಈ ಹೆಸರು ವಾಚಕರಿಗೆ ಪರಿಚಿತವೇ ಆಗಿದೆ.

ಕಾಕನಕೋಟೆಯೆಂದರೆ ಖೆಡ್ಡಾ. ಮೈಸೂರು ಸಂಸ್ಥಾನದ ನೀರಾವರಿ ಕಾಲುವೆಗಳ ಉಸ್ತುವಾರಿಯಲ್ಲಿದ್ದ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಆನೆಗಳ ಹಿಂಡನ್ನು ಸೆರೆಹಿಡಿದನು. ಮುಂದೆ ಇದೇ ಕೆಲಸ ಕಾಕನಕೋಟೆಯಲ್ಲಿ ಒಂದು ರಾಜವೈಭವವಾಗಿ ಬೆಳೆಯಿತು. ದಿನಗಟ್ಟಲೆ ಕಾಡನ್ನು ಸುತ್ತುವರಿದು, ತಮಟೆ, ಬೆಂಕಿ, ಬೊಬ್ಬೆಗಳಿಂದ ಹಿಂಡನ್ನು ಬೆದರಿಸಿ, ಕಪಿಲಾ ನದಿಗೆ ಇಳಿಸಿ, ದಿಮ್ಮಿಗಳ ಆವರಣದೊಳಕ್ಕೆ ಅಟ್ಟುತ್ತಿದ್ದರು. ಅರಸರ ಅತಿಥಿಗಳು ಕಟ್ಟೆಯ ಮೇಲೆ ಕುಳಿತು ನೋಡುವರು. ಪಳಗಿದ ಆನೆಗಳ ನೆರವಿನಿಂದ ಕಾಡಾನೆಯ ಕಾಲಿಗೆ ಹಗ್ಗ ಬಿಗಿಯುವ ಅಪಾಯದ ಕೆಲಸ ಮಾತ್ರ ಮಾವುತರದು, ಕಾಡಿನ ಕುರುಬರದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು.

1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ, ಎಂದರೆ ಅದೇ ಕಪಿಲೆಗೆ, ಅಣೆಕಟ್ಟು ಮುಗಿಯಿತು. ಹಳ್ಳಿಗಳೂ ಕಾಡಿನ ಒಂದು ಪಾಲೂ ನೀರಿನ ಪಾಲಾದುವು. ಆದರೆ ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ತೇವದ ದಂಡೆಯಲ್ಲಿ ಎಳೆಹುಲ್ಲು ಚಿಗುರುತ್ತದೆ. ಎಲೆಯುದುರಿ ಕಾಡು ಒಣಗಿರುವಾಗ ನೀರು, ಮೇವು ಎರಡೂ ಒಂದೆಡೆ ಸಿಕ್ಕರೆ ಆನೆಗಳು ಬಾರದೆ ಇರುತ್ತವೆಯೇ? ತಮಟೆ ಬಡಿದು ಅಟ್ಟಬೇಕಾಗಿದ್ದ ಹಿಂಡುಗಳು ಈಗ ತಾವಾಗಿಯೇ, ಮರಿಗಳೊಡನೆ, ಬಯಲಿಗೆ ಬಂದು ನಿಲ್ಲುತ್ತವೆ. ಮಕ್ಕಳ ಕಣ್ಣಿಗೆ ಪೊದೆಯೊಳಗೆ ಮಿಂಚಿ ಮರೆಯಾಗುವ ಹುಲಿಗಿಂತ, ತಾಯಿಯ ಕಾಲಸಂದಿಯಲ್ಲಿ ನುಸುಳುವ ಆನೆಮರಿಯೇ ಹೆಚ್ಚು ಕಾಲ ಉಳಿಯುವ ನೋಟ.

ಇದರ ಜೊತೆಗೆ ಮಕ್ಕಳಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆನೆಯನ್ನು ಪಳಗಿಸಿದ, ಜೇನು ಕಿತ್ತು ಬದುಕಿದ ಜೇನುಕುರುಬರ ಎಷ್ಟೋ ಹಾಡಿಗಳು ನಾಗರಹೊಳೆಯ ಕಾಡಿನಿಂದ ಹೊರಬಿದ್ದಿವೆ. ಕಾಡಿನಂಚಿನ ರೈತನಿಗೆ ಹುಲಿಯೆಂದರೆ ಚಿತ್ರವಲ್ಲ, ಪ್ರಾಣಭಯ. 2025ರ ನವೆಂಬರಿನಲ್ಲಿ ಹುಲಿದಾಳಿಯಿಂದ ಜನ ಸತ್ತಾಗ ಸರಕಾರವು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು. ನಮ್ಮ ಎರಡು ದಿನದ ಸಂತೋಷಕ್ಕೆ ಬೆಲೆ ತೆತ್ತವರು ಬೇರೆಯವರಿದ್ದಾರೆ ಎಂಬುದನ್ನು ಮಕ್ಕಳು ಚಿಕ್ಕಂದಿನಲ್ಲೇ ಅರಿಯುವುದು ಒಳ್ಳೆಯದು.

ಹೊರಡುವವರು ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿಕೊಳ್ಳಲಿ. ಜೂನ್ ತಿಂಗಳಲ್ಲಿ ಮುಂಗಾರು ಬಂದರೆ ಆನೆಗಳು ಮತ್ತೆ ಕಾಡಿನೊಳಕ್ಕೆ ಚದುರುತ್ತವೆ. ಆದ್ದರಿಂದ ರಜೆ ದೊರೆತೊಡನೆ, ಮೇ ಮುಗಿಯುವುದರೊಳಗೆ ಹೋಗಿಬರುವುದು ಲೇಸು. ಮೈಸೂರಿನಲ್ಲಿ ಅಜ್ಜ-ಅಜ್ಜಿಯರಿದ್ದರೆ ಅವರನ್ನೂ ಕರೆದೊಯ್ಯಿರಿ. ಖೆಡ್ಡಾವನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಬಾಯಿಂದ ಕೇಳುವ ಅವಕಾಶ ನಮ್ಮ ಮಕ್ಕಳ ಕಾಲಕ್ಕೇ ಕೊನೆ.